ಹೆಚ್ಚಾದ ಬಟ್ಟೆ ಎಲ್ಲಿ ಹೋಯಿತು?

ಕೂಸಿನ ಕೌದಿ ಎಂದರೆ ಎಷ್ಟು ಮಹಾ? ಎರಡು ಮೊಳ ಉದ್ದ, ಅದಕ್ಕಿಂತ ತುಸು ಕಡಿಮೆ ಅಗಲ. ಹಳೆಯ ಸೀರೆಯ ಪದರಗಳು, ನಡುವೆ ಸವೆದ ಪಂಚೆಯ ತುಂಡು, ಒಂದು ಸೂಜಿ, ದಪ್ಪ ದಾರ. ಚಿಕ್ಕದಲ್ಲವೇ, ಬೇಗ ಮುಗಿದೀತು ಎಂದು ಹೊಸಬರು ಮೊದಲು ಕೈಹಾಕುವುದು ಇದಕ್ಕೇ. ಅಂಚು ಹಿಡಿದು ಸಾಲು ಸಾಲಾಗಿ ಹೊಲಿಯುತ್ತ ಒಳಗೆ ಬಂದರೆ ನಟ್ಟನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಅಂಗೈಯಿಂದ ಒತ್ತಿದರೆ ಚಾಪೆಯಡಿ ಹೊಕ್ಕ ಇಲಿಮರಿಯಂತೆ ಅತ್ತ ಸರಿದು ಮತ್ತೆ ಏಳುತ್ತದೆ. ಪದರಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿದ್ದಾಗಿತ್ತು. ಈ ಹೆಚ್ಚಿನ ಬಟ್ಟೆ ಎಲ್ಲಿಂದ ಬಂತು?

ಅಷ್ಟಕ್ಕೂ ಕೂಸಿಗೆ ಕೌದಿಯೇ ಯಾಕೆ? ಕಡೂರನ್ನೇ ನೋಡಿ, ಬಾಬಾಬುಡನ್ ಗಿರಿಯ ಮಳೆನೆರಳಿನ ಊರು. ಬೆಟ್ಟ ಮಳೆಯನ್ನು ತಡೆಯುತ್ತದೆ, ಚಳಿಯನ್ನಲ್ಲ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಈ ಬಯಲಿನಲ್ಲಿ ಮಾಗಿಯ ಬೆಳಗಿನ ಜಾವ ಕಂಬಳಿ ಬೇಕೇ ಬೇಕು. ಎಳೆಗೂಸಿಗೆ ಕಂಬಳಿ ಚುಚ್ಚುತ್ತದೆ. ಅದಕ್ಕೇ ಕೌದಿ.

ಇನ್ನು ಆ ಉಬ್ಬಿನ ಮಾತು. ಒಂದೇ ಅಳತೆಯ ಬಟ್ಟೆಗಳು ಒಂದೇ ಥರದವಲ್ಲ ಎಂಬುದು ಹೊಲಿಯಲು ಕೂತಾಗಲೇ ತಿಳಿಯುವುದು. ಸೆರಗು ಬಿಗಿ, ಒಡಲು ಸವೆದು ಸಡಿಲ. ನೂಲಿನ ನೇರಕ್ಕೆ ಕತ್ತರಿಸಿದ್ದು ಹೇಳಿದಂತೆ ಕೇಳುತ್ತದೆ, ಓರೆಯಾಗಿ ಕತ್ತರಿಸಿದ್ದು ಎಳೆದಷ್ಟೂ ಹಿಗ್ಗುತ್ತದೆ. ಜೊತೆಗೆ, ಕೆಳಗಿನ ಪದರ ನೆಲಕ್ಕೆ ಅಂಟಿಕೊಂಡು ಸುಮ್ಮನಿರುವಾಗ ಮೇಲಿನದು ಸೂಜಿಯ ಮುಂದೆ ಕೂದಲೆಳೆಯಷ್ಟು ಜಾರುತ್ತದೆ. ಒಂದು ಹೊಲಿಗೆಯಲ್ಲಿ ಅದು ಕಣ್ಣಿಗೆ ಕಾಣದು. ಸಾಲು ಮುಗಿಯುವಷ್ಟರಲ್ಲಿ ಬೆರಳಗಲ. ತಪ್ಪು ಆಗುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು! ಹೀಗಿರುವಾಗ ಇದನ್ನು ಯಾರಾದರೂ ಮೊದಲ ಬಾರಿ ಹೇಗೆ ಕಂಡುಕೊಂಡರು ಎಂದು ನನಗೆ ಇಂದಿಗೂ ಬೆರಗು.

ಬಿಚ್ಚಿ ಹೊಲಿದವರು ನಿಧಾನಕ್ಕೆ ಕಲಿಯುತ್ತಾರೆ: ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಡಬೇಕು, ದಾರ ಜಗ್ಗಬಾರದು. ಅಕ್ಕಪಕ್ಕದ ಹಿರಿಯರು ಕೂತಲ್ಲಿಂದಲೇ, "ಎಳೀಬ್ಯಾಡ ಕಣವ್ವ, ಬಟ್ಟೆ ತಾನಾಗೇ ಕೂರ್ಲಿ ಬಿಡು" ಅನ್ನುತ್ತಾರೆ. ಎಷ್ಟು ಎಳೆದರೆ ಹೆಚ್ಚು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಅವರ ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.

ಅಮೆರಿಕದ ಕೈಹೊಲಿಗೆಯವರು ಈ ಉಬ್ಬಿಗೆ ಹೆದರಿಯೇ ನಡುವಿನಿಂದ ಹೊರಡುತ್ತಾರೆ. ಹೆಚ್ಚಾದದ್ದು ಅಂಚಿಗೆ ಸರಿಯಲಿ, ಕೊನೆಗೆ ಕತ್ತರಿಸಿ ಬಿಸಾಡಿದರಾಯಿತು. ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಮಾತ್ರ ಅದಕ್ಕೆ ತಿರುವುಮುರುವು. ಮೂಲೆಯಲ್ಲಿ ಶುರುಮಾಡಿ, ಅಂಚಿನ ಗುಂಟ ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಹೊಸಬರು ಎಡವುವ ದಾರಿಯೇ ಅದು. ಅವರ ಕೌದಿಯೋ, ಹಾಸಿದರೆ ಸಪಾಟು. ಯಾಕೆ ಹೀಗೆ ಎಂದು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ನನಗೆ ಹೊಳೆದದ್ದು ಇಷ್ಟು: ಅವರು ಮೇಲಿನ ಬಟ್ಟೆಯನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಸೀರೆ ಹಾಸಿ, ಕೈಗೆ ಸಿಕ್ಕ ತುಂಡನ್ನು ಅಂಚು ಮಡಿಸಿ ಇಟ್ಟು ಹೊಲಿಯುತ್ತಾರೆ, ಪಕ್ಕಕ್ಕೆ ಇನ್ನೊಂದು. ಒಂದಿಷ್ಟು ಸಡಿಲ ಉಳಿದರೆ ಮುಂದಿನ ಮಡಿಕೆ ಅದನ್ನು ನುಂಗುತ್ತದೆ. ನಕ್ಷೆ ಮೊದಲೇ ಇದ್ದವರಿಗೆ ತಪ್ಪಾಗುವುದು ಇವರಿಗೆ ಮುಂದಿನ ತುಂಡಿನ ಅಳತೆ. ಮೂಲೆಗಳಿಗೆ ಬಟ್ಟೆ ಮಡಿಸಿ ಪುಟ್ಟ ಹೂವು ಕೂರಿಸಿದ ಮೇಲೇ ಕೌದಿ ಮುಗಿಯಿತೆಂದು ಲೆಕ್ಕ.

ಚೆನ್ನಾಗಿ ಹೊಲಿದ ಕೌದಿಯಲ್ಲೂ ಹೆಚ್ಚಿನ ಬಟ್ಟೆ ಮಾಯವಾಗುವುದಿಲ್ಲ. ಸಾಲು ಸಾಲಿನ ನಡುವೆ ಸಣ್ಣ ಸಣ್ಣ ಏರುತಗ್ಗುಗಳಾಗಿ ಹಂಚಿಹೋಗಿರುತ್ತದೆ. ಆ ಸಂದುಗಳಲ್ಲಿ ಗಾಳಿ ಅಲುಗಾಡದೆ ನಿಲ್ಲುತ್ತದೆ, ನಿಂತ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹೊಲಿಯುವವರನ್ನು ಅಷ್ಟು ಗೋಳಾಡಿಸಿದ ಉಬ್ಬೇ, ಚೂರುಚೂರಾದ ಮೇಲೆ, ಕೂಸನ್ನು ಬೆಚ್ಚಗಿಡುತ್ತದೆ. ಬರಿಯ ಓಟದ ಹೊಲಿಗೆಗೆ ಇಷ್ಟು ತಾಕತ್ತು ಎಂದರೆ ನಂಬುವುದು ಕಷ್ಟ.

ನಿಜವಾದ ಪರೀಕ್ಷೆ ಮೊದಲ ಒಗೆತ. ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ ಆಗಿದೆ. ಅದರ ಜೊತೆ ಅಂಗಡಿಯ ಹೊಸ ಹತ್ತಿಬಟ್ಟೆ ಸೇರಿದ್ದರೆ ನೀರು ಕಂಡೊಡನೆ ಅದೊಂದೇ ಮುದುಡಿ ಮಿಕ್ಕವನ್ನೆಲ್ಲ ಎಳೆಯುತ್ತದೆ. ಮೊಮ್ಮಗುವಿಗೆ ಹೊಸದನ್ನೇ ಹಾಕಬೇಕೆಂಬ ಹಟವಿದ್ದರೆ ಬಟ್ಟೆಯನ್ನು ಮುಂಚೆಯೇ ನೆನೆಸಿ ಒಣಗಿಸಿಕೊಳ್ಳಬೇಕು. ದಾರವೂ ಹತ್ತಿಯದಾದರೆ ಅದು ಎಷ್ಟು ಕುಗ್ಗೀತು ಎಂಬುದನ್ನು ಮಾತ್ರ ಒಗೆದೇ ನೋಡಬೇಕು.