ಕಲ್ಯಾಣದ ದ್ವಾರಪಾಲಕನೂ ಅಚೌರ್ಯವೂ

ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ‘ತದಾಹೃತಾದಾನ’ವೂ ಒಂದು. ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು ಎಂದು ಇದರ ಅರ್ಥ. ಕದ್ದವನಷ್ಟೇ ಅಲ್ಲ, ಪಡೆದವನೂ ದೋಷಕ್ಕೆ ಭಾಗಿ. ಆದರೆ ಕದ್ದವನು ರಾಜನಾಗಿದ್ದು, ಕಳವಿಗೆ ವಿಜಯವೆಂಬ ಹೆಸರಿದ್ದು, ಪಡೆದವರು ಅನೇಕ ತಲೆಮಾರುಗಳ ಅನಂತರದವರಾಗಿದ್ದರೆ ಈ ದೋಷ ಎಲ್ಲಿಯವರೆಗೆ ಹಿಂಬಾಲಿಸುತ್ತದೆ?

ಮನ್ನಾಏಖೇಳ್ಳಿಯಿಂದ ಹೆದ್ದಾರಿ ಹಿಡಿದು ಹುಮನಾಬಾದನ್ನು ದಾಟಿ ಮುಂದೆ ಸಾಗಿದರೆ ಬಸವಕಲ್ಯಾಣ ಸಿಗುತ್ತದೆ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ ಇದೇ. 11ನೆಯ ಶತಮಾನದ ಮಧ್ಯಭಾಗದಲ್ಲಿ, ಒಂದನೆಯ ಸೋಮೇಶ್ವರನು ಆಳುತ್ತಿದ್ದಾಗ, ಚೋಳ ರಾಜಾಧಿರಾಜನು ಈ ನಗರವನ್ನು ಸುಟ್ಟು ‘ವಿಜಯರಾಜೇಂದ್ರ’ನೆಂಬ ಬಿರುದನ್ನು ಧರಿಸಿದನು. ಆಗ ಇಲ್ಲಿಂದ ಒಯ್ದ ಕರಿಶಿಲೆಯ ದ್ವಾರಪಾಲಕ ವಿಗ್ರಹವೊಂದು ದಾರಾಸುರದ ದೇವಾಲಯದಲ್ಲಿದ್ದು, ಮುಂದೆ ತಂಜಾವೂರಿನ ಕಲಾಸಂಗ್ರಹಾಲಯವನ್ನು ಸೇರಿತು. ವಿಜಯರಾಜೇಂದ್ರದೇವನು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕನಿವನೆಂದು ಅದರ ಪೀಠದ ತಮಿಳು ಶಾಸನವು ಸಾರುತ್ತದೆ.

ಗೆದ್ದವನು ತನ್ನ ಕೀರ್ತಿಗಾಗಿ ಕೆತ್ತಿಸಿದ ಸಾಲೇ ಸೋತವರ ಪರವಾದ ಸಾಕ್ಷ್ಯವಾಯಿತು. ಆ ಸಾಲು ಇಲ್ಲದಿದ್ದರೆ ವಿಗ್ರಹದ ಚಾಲುಕ್ಯ ಶೈಲಿ ಸಂಶಯವನ್ನು ಹುಟ್ಟಿಸುತ್ತಿತ್ತೇ ಹೊರತು ನಿರ್ಣಯವನ್ನು ಕೊಡುತ್ತಿರಲಿಲ್ಲ. 642ರಲ್ಲಿ ಪಲ್ಲವರು ಬಾದಾಮಿಯಿಂದ ಗಣಪತಿಯನ್ನು ಒಯ್ದರೆಂಬ ಕಥೆ ಬಹು ಪ್ರಸಿದ್ಧ. ಆದರೆ ಅದಕ್ಕೆ ಆ ಕಾಲದ ಶಾಸನದ ಆಧಾರವಿಲ್ಲ. ಕಥೆಯೊಂದನ್ನೇ ನಂಬಿ ಯಾರನ್ನಾದರೂ ಸೂರೆಗಾರರೆಂದರೆ ಸತ್ಯವ್ರತಕ್ಕೆ ಲೋಪ ಬರುತ್ತದೆ. ದಾಖಲೆಯು ವಂಚಿತನನ್ನು ರಕ್ಷಿಸುವಂತೆ ನಿರಪರಾಧಿಯನ್ನೂ ರಕ್ಷಿಸುತ್ತದೆ.

ನಾಜಿಗಳು ಕಸಿದ ಕಲಾಕೃತಿಗಳ ವಿಷಯದಲ್ಲಿ 1998ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ 44 ರಾಷ್ಟ್ರಗಳು ದಾಖಲೆಗಳನ್ನು ಸಂಶೋಧಕರಿಗೆ ತೆರೆದಿಡಬೇಕೆಂದು ಒಪ್ಪಿದವು. ಅಲ್ಲಿ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ಹಿಂದಿರುಗಿಸಲು ಕೈಗಳಿವೆ. ಕಲ್ಯಾಣದ ದ್ವಾರಪಾಲಕನಿಗೆ ಅಂಥ ಒಡೆಯರಿಲ್ಲ. ರಾಜಾಧಿರಾಜನು 1054ರ ಕೊಪ್ಪಂ ಯುದ್ಧದಲ್ಲಿ ಮಡಿದನು; ಎರಡು ಸಿಂಹಾಸನಗಳೂ ಅಳಿದವು; ಎರಡು ನಗರಗಳೂ ಇಂದು ಒಂದೇ ಗಣರಾಜ್ಯದಲ್ಲಿವೆ. ಮೇಲಾಗಿ, ಬಾದಾಮಿಯ ವಿನಯಾದಿತ್ಯನು ಉತ್ತರಾಪಥದ ಅರಸನಿಂದ ಪಾಳಿಧ್ವಜವನ್ನು ಗೆದ್ದು ತಂದನೆಂದು ಚಾಲುಕ್ಯ ಶಾಸನಗಳೇ ಹೊಗಳಿಕೊಂಡಿವೆ. ಆದ್ದರಿಂದ ಕನ್ನಡಿಗರ ದೂರು ಆತ್ಮಪರೀಕ್ಷೆಯಿಂದಲೇ ಆರಂಭವಾಗಬೇಕಾಗುತ್ತದೆ.

ಹಾಗೆಂದು ಕಾಲವು ದೋಷವನ್ನು ತೊಳೆಯಿತೆನ್ನಲಾಗದು. ಅರಿಯದೆ ಪಡೆದವನು ಕಳ್ಳನಲ್ಲ. ಅರಿತ ಮೇಲೆ ಮುಚ್ಚಿಡುವವನು ಆ ಹಳೆಯ ಕಳವಿನಲ್ಲಿ ಹೊಸದಾಗಿ ಪಾಲುಗೊಳ್ಳುತ್ತಾನೆ. ವಾರಸುದಾರನಿದ್ದಲ್ಲಿ ವಸ್ತುವನ್ನು ಒಪ್ಪಿಸುವುದು ಧರ್ಮ. ಇಲ್ಲದಲ್ಲಿ, ಅದು ಯಾವ ಊರಿನದು, ಹೇಗೆ ಬಂದಿತು ಎಂಬುದನ್ನು ನೋಡುವವರೆಲ್ಲರಿಗೂ ತಿಳಿಯುವಂತೆ ಬರೆದಿಡುವುದು ಇಟ್ಟುಕೊಂಡವನ ಮೇಲಿನ ಋಣ. ವಿಗ್ರಹವನ್ನು ಒಯ್ದವನೂ ಕಲ್ಯಾಣದ ಹೆಸರನ್ನು ಅಳಿಸಲಿಲ್ಲ. ಇಂದು ಅದನ್ನು ಕಾಯುವವರು ಅಷ್ಟನ್ನಾದರೂ ಉಳಿಸಿಕೊಳ್ಳಬೇಕಲ್ಲವೆ?