ಬರಗಾಲದ ಕಥೆಯು ನಮಗೇಕೆ?



ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟುವ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ಸೀಮೆಯಲ್ಲಿ ಭತ್ತವು ಬೆಳೆಯುತ್ತದೆ. ಆದರೆ ಕುಷ್ಟಗಿ, ಯಲಬುರ್ಗಾಗಳ ಎರೆ, ಮಸಾರಿ ಹೊಲಗಳಲ್ಲಿ ಬಹಳವು ಇಂದಿಗೂ ಮುಗಿಲನ್ನೇ ನೋಡುತ್ತವೆ. ಹೀಗಿರಲಾಗಿ ಕಾಲುವೆಯ ದಂಡೆಯಲ್ಲಿರುವವನು ಬತ್ತಿದ ಬಾವಿಯ ಬಳಿ ನಿಂತವನ ಕಷ್ಟವನ್ನು ಅರಿಯುವದು ಹೇಗೆ?

ಕಥೆಯೂ ಹಾಡೂ ಇದಕ್ಕಾಗಿಯೇ ಬೇಕು. ಯೆರೆಮೀಯ ಪ್ರವಾದಿಯು ತನ್ನ ಗ್ರಂಥದ 14ನೆಯ ಅಧ್ಯಾಯದಲ್ಲಿ ಬರಗಾಲವನ್ನು ಚಿತ್ರದಂತೆ ನಮ್ಮ ಕಣ್ಣ ಮುಂದಿಡುತ್ತಾನೆ. ನೀರಿಗೆ ಹೋದವರು ಬರಿಗೊಡಗಳೊಡನೆ ಹಿಂದಿರುಗುತ್ತಾರೆ. ಒಕ್ಕಲಿಗನು ನಾಚಿ ತಲೆಗೆ ಮುಸುಕು ಹಾಕಿಕೊಳ್ಳುತ್ತಾನೆ. ಹುಲ್ಲಿಲ್ಲದ್ದರಿಂದ ಜಿಂಕೆಯು ಈದ ಮರಿಯನ್ನೇ ಬಿಟ್ಟುಹೋಗುತ್ತದೆ.

ನಮ್ಮ ನಾಡಿನ ಹೆಂಗಸರು ಹಾಡುತ್ತ ಬಂದ ‘ಕೆರೆಗೆ ಹಾರ’ವನ್ನೂ ನೆನೆಯೋಣ. ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂದು ಎಣಿಸಿ, ಕಿರಿಯ ಸೊಸೆಯಾದ ಭಾಗೀರಥಿಯನ್ನು ಬಲಿಗೆ ಗೊತ್ತುಮಾಡಿದರು. ದಂಡಿನಿಂದ ಬಂದ ಗಂಡನೂ ಅದೇ ಕೆರೆಗೆ ಹಾರಿದನು. ಕೆರೆ ತುಂಬಿತು, ಮನೆ ಬರಿದಾಯಿತು. ಅನಂತಮೂರ್ತಿಯವರ ಕಥೆಯಿಂದ ಎಂ. ಎಸ್. ಸತ್ಯು ಅವರು 1982ರಲ್ಲಿ ತೆಗೆದ ‘ಬರ’ ಎಂಬ ಚಲನಚಿತ್ರದಲ್ಲಿಯೂ ಬಡವರ ಹಸಿವೆಯು ಅಧಿಕಾರಸ್ಥರ ಲೆಕ್ಕಾಚಾರಕ್ಕೆ ಬಲಿಯಾಗುತ್ತದೆ.

ಪ್ರಿಯರೇ, ಈ ಕಥೆಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ನೀರು ಕಡಿಮೆಯಾದಾಗ ನಾವು ಯಾರನ್ನು ಬಿಟ್ಟುಕೊಡುತ್ತೇವೆ? ಕೊಡ ಹೊರುವದಕ್ಕಾಗಿ ಶಾಲೆ ಬಿಡುವವಳು ಮಗಳೇ ಅಲ್ಲವೇ? ಸರದಿಯ ಕೊನೆಯಲ್ಲಿ ನಿಲ್ಲುವವಳು ದಿಕ್ಕಿಲ್ಲದ ಮುದುಕಿಯೇ ಅಲ್ಲವೇ? ನಮ್ಮ ಹಿರಿಯರಲ್ಲಿ ಅನೇಕರು ಊರ ಬಾವಿಗೆ ದೂರವಾಗಿ ನಿಂತು, ಯಾರಾದರೂ ನೀರು ಹೊಯ್ದಾರೆಂದು ಕಾದವರು. ಆ ಬಾಯಾರಿಕೆಯನ್ನು ಮರೆತ ನಾವು ಇನ್ನೊಬ್ಬರನ್ನು ಹಾಗೆಯೇ ಕಾಯಿಸುವದಾದರೆ ನಮ್ಮ ಪ್ರಾರ್ಥನೆಯು ಬರಿಗೊಡದ ಸದ್ದಾಗುವದು.

ನಮ್ಮ ಕರ್ತನು ಬೇರೊಬ್ಬರನ್ನು ಬಲಿಗೆ ಒಪ್ಪಿಸಲಿಲ್ಲ, ತನ್ನನ್ನೇ ಒಪ್ಪಿಸಿದನು. ಆದಕಾರಣ ಇನ್ನು ಯಾವ ಭಾಗೀರಥಿಯೂ ಬೇಡ. ಚಾರೆಪ್ತಾದ ವಿಧವೆಯು ಬರಗಾಲದಲ್ಲಿ ತನಗಿದ್ದ ಒಂದು ಹಿಡಿ ಹಿಟ್ಟಿನಲ್ಲಿಯೇ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟಳು. ಅವಳ ಮಡಕೆಯು ಬರಿದಾಗಲಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಕೇರಿಯ ಸರದಿಯ ಕೊನೆಯ ಕೊಡವು ಯಾರದೆಂದು ನೋಡಿ, ಅದನ್ನು ಮೊದಲು ತುಂಬಿಸೋಣ. ಆಮೆನ್.