ಭೇದವಿರಲಿ, ದ್ವೇಷ ಬೇಡ



ಕಾಶೀಯಾತ್ರೆಯಲ್ಲಿ ಒಂದು ಬೆಳಗ್ಗೆ ಪಂಚಗಂಗಾ ಘಾಟಿನಲ್ಲಿ ಸ್ನಾನಾಹ್ನಿಕಗಳನ್ನು ಮುಗಿಸಿ ಬಿಂದುಮಾಧವನ ದರ್ಶನಕ್ಕಾಗಿ ಮೆಟ್ಟಿಲೇರುತ್ತಿದ್ದೆವು. ಜೊತೆಯಲ್ಲಿದ್ದ ತರುಣರೊಬ್ಬರು ಕೇಳಿದರು: "ಭೇದವು ಸತ್ಯವೆಂಬುದು ನಮ್ಮ ಸಿದ್ಧಾಂತ. ಆದರೆ ಲೋಕದ ಕಲಹಗಳಿಗೆಲ್ಲ ಭೇದಬುದ್ಧಿಯೇ ಮೂಲವೆನ್ನುತ್ತಾರಲ್ಲ? ಹಾಗಾದರೆ ವಿಶ್ವಶಾಂತಿಗೆ ನಮ್ಮಲ್ಲಿ ಎಡೆಯೆಲ್ಲಿ?" ಪ್ರಶ್ನೆ ಉಪೇಕ್ಷಣೀಯವಾಗಿರಲಿಲ್ಲ. ಆ ಕ್ಷಣದಲ್ಲಿ ನನ್ನಿಂದ ಉತ್ತರವೂ ಬರಲಿಲ್ಲ.

ಮಧ್ಯಾಹ್ನ ಸಮೀಪದ ಸಾರನಾಥಕ್ಕೆ ಹೋದೆವು. ಅಲ್ಲಿಯ ಅಶೋಕಸ್ತಂಭದ ಸಿಂಹಶೀರ್ಷವೇ 1950ರ ಜನವರಿ 26ರಂದು ನಮ್ಮ ರಾಷ್ಟ್ರಲಾಂಛನವಾಯಿತು. ಭಗ್ನವಾಗಿರುವ ಸ್ತಂಭದ ಮೇಲಿನ ಶಾಸನವು ಸಂಘವನ್ನು ಒಡೆಯುವವರನ್ನು ಎಚ್ಚರಿಸುತ್ತದೆ. ಅದನ್ನು ನೋಡಿದಾಗ ಕಲಬುರಗಿ ಜಿಲ್ಲೆಯ ಭೀಮಾತೀರದ ನಮ್ಮ ಸನ್ನತಿಯ ಸ್ಮರಣೆಯಾಯಿತು. ಅಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1980ರ ದಶಕದ ಉತ್ತರಾರ್ಧದಲ್ಲಿ, ಕಾಳಿಕಾದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಹನ್ನೆರಡನೆಯ ಶಿಲಾಶಾಸನವು ಅವುಗಳಲ್ಲೊಂದು. ಅದರ ತಾತ್ಪರ್ಯವಿಷ್ಟು: ಎಲ್ಲ ಮತಗಳ ಸಾರವೂ ವೃದ್ಧಿಯಾಗಬೇಕು; ಅದಕ್ಕೆ ಮೂಲ ವಾಕ್ಸಂಯಮ; ಅಕಾರಣವಾಗಿ ಸ್ವಮತವನ್ನು ಹೊಗಳಿ ಪರಮತವನ್ನು ಹಳಿಯುವವನು ಸ್ವಮತಕ್ಕೇ ಹಾನಿಮಾಡುತ್ತಾನೆ. ಮತಗಳೆಲ್ಲ ಒಂದೇ ಎಂದು ಅರಸನು ಹೇಳಲಿಲ್ಲ. ನಾಲಿಗೆಗೆ ನಿಯಮವನ್ನಷ್ಟೇ ವಿಧಿಸಿದನು.

ಪತಂಜಲಿ ಮಹರ್ಷಿಗಳು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳನ್ನು ಜಾತಿ ದೇಶ ಕಾಲಗಳ ಮಿತಿಯಿಲ್ಲದ ಸಾರ್ವಭೌಮ ಮಹಾವ್ರತವೆಂದು ಕರೆದರು. 1993ರಲ್ಲಿ ಚಿಕಾಗೋ ನಗರದ ವಿಶ್ವಧರ್ಮ ಸಮ್ಮೇಳನದಲ್ಲಿ ಹೊರಟ ಜಾಗತಿಕ ನೀತಿಯ ಘೋಷಣೆಯೂ ಅಹಿಂಸೆ, ಸತ್ಯ, ನ್ಯಾಯಗಳನ್ನೇ ಎತ್ತಿಹಿಡಿಯಿತು. ಎಲ್ಲರಿಗೂ ಒಂದೇ ಮತವನ್ನು ಮಾಡುವುದು ತನ್ನ ಉದ್ದೇಶವಲ್ಲವೆಂದೂ ಸ್ಪಷ್ಟಪಡಿಸಿತು.

ರೈಲ್ವೆಯಲ್ಲಿ ಸೇವೆಮಾಡಿದ ನನಗೆ ಒಂದು ದೃಷ್ಟಾಂತ ಹೊಳೆಯುತ್ತದೆ. ಹಿಂದೆ ಒಂಟಿಹಳಿಯ ಅನೇಕ ಮಾರ್ಗಗಳಲ್ಲಿ ಟೋಕನ್ ಕೈಗೆ ಬಾರದೆ ಯಾವ ಚಾಲಕನೂ ನಿಲ್ದಾಣದಿಂದ ಗಾಡಿಯನ್ನು ಹೊರಡಿಸುವಂತಿರಲಿಲ್ಲ. ಎರಡು ಗಾಡಿಗಳ ದಿಕ್ಕು ವಿರುದ್ಧ, ಗಮ್ಯಸ್ಥಾನ ಬೇರೆ. ಆದರೂ ನಿಯಮ ಒಂದೇ ಆದುದರಿಂದ ಇಬ್ಬರ ಪ್ರಯಾಣಿಕರೂ ಸುಕ್ಷೇಮವಾಗಿ ಮನೆ ಸೇರುತ್ತಿದ್ದರು. ಲೋಕಶಾಂತಿಯ ಮರ್ಮವೂ ಇದೇ. ಭೇದವು ಅಪಾಯವಲ್ಲ, ನಿಯಮೋಲ್ಲಂಘನೆಯೇ ಅಪಾಯ.

ಸುಮಧ್ವವಿಜಯದ ಹತ್ತನೆಯ ಸರ್ಗವನ್ನು ನೆನೆಯಿರಿ. ಗಂಗೆಯನ್ನು ದಾಟಿದ ಶ್ರೀಮದಾಚಾರ್ಯರನ್ನು ತುರುಷ್ಕ ದೊರೆಯ ಭಟರು ಶತ್ರುಗಳೆಂದು ಬಗೆದು ತಡೆದರು. ಆಚಾರ್ಯರು ಹೆದರಲೂ ಇಲ್ಲ, ಕೆರಳಲೂ ಇಲ್ಲ. ದೊರೆಯೊಡನೆ ಅವನದೇ ಭಾಷೆಯಲ್ಲಿ ಮಾತನಾಡಿದರು. ಅವನು ಪ್ರಸನ್ನನಾದನು. ಸಿದ್ಧಾಂತದಲ್ಲಿ ಅಣುಮಾತ್ರವೂ ಸಡಿಲಿಸದವರು ಪರರೊಡನೆ ನಡೆದುಕೊಂಡ ರೀತಿ ಇದು.

ಇಷ್ಟೆಲ್ಲ ಬರೆಯುವ ನನ್ನ ದೋಷವನ್ನೂ ಹೇಳಬೇಕು. ಆ ಹಿಂದಿನ ರಾತ್ರಿ, ತಂಗಿದ್ದಲ್ಲಿ, ಪರಮತದ ವೃದ್ಧ ಯಾತ್ರಿಕರೊಬ್ಬರೊಡನೆ ವಾದಕ್ಕಿಳಿದಾಗ ನನ್ನ ನಾಲಿಗೆ ವಿಷಯವನ್ನು ಬಿಟ್ಟು ವ್ಯಕ್ತಿಯನ್ನೇ ಹಳಿದಿತ್ತು. ಸಾರನಾಥದಿಂದ ಮರಳಿದೊಡನೆ ಕ್ಷಮೆ ಕೇಳಲು ಹುಡುಕಿದೆ, ಅವರು ಹೊರಟುಹೋಗಿದ್ದರು. ಆ ಕ್ಷಮಾಯಾಚನೆ ಇಂದಿಗೂ ನನ್ನಲ್ಲಿ ಋಣವಾಗಿ ಉಳಿದಿದೆ.

ರಾಷ್ಟ್ರಗಳ ಒಪ್ಪಂದಗಳು ನಮ್ಮ ಕೈಯಲ್ಲಿಲ್ಲ. ನಾಲಿಗೆಯಾದರೋ ನಮ್ಮ ಅಧೀನದಲ್ಲಿದೆ. ವಾದ ನಡೆಯಲಿ, ಪ್ರಮಾಣಗಳಿಂದ ನಡೆಯಲಿ; ಎದುರಿನವರ ಮನಸ್ಸು ನೋಯದಿರಲಿ. ಅವರ ಅಂತರ್ಯಾಮಿಯೂ ನಮ್ಮ ಸ್ವಾಮಿಯೇ ಅಲ್ಲವೇ? ಆ ತರುಣರಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಶ್ರೀಕೃಷ್ಣಾರ್ಪಣಮಸ್ತು.